ಚಿಸೆಂಗಾನ ಸೋದರಮಾವ ಮತ್ತು ನಾನು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ಯಾರಾದರೂ ಶುರುಮಾಡಿದರೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುತ್ತಿದ್ದವನು ನಾನು. ರಾಮನಗರದ ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿಯ ಮೈಮೇಲೆ ದೇವರು ಬರುತ್ತಿತ್ತು. ಸೊಸೆ ತವರಿಗೆ ಹೊರಡಲು ಟ್ರಂಕು ಇಳಿಸಿದ ದಿನವೇ ಆ ದೇವರಿಗೆ ಬರಲು ಪುರಸೊತ್ತಾಗುತ್ತದೆ ಎಂಬುದನ್ನು ನಾನು ಹತ್ತನೇ ವಯಸ್ಸಿನಲ್ಲೇ ಗಮನಿಸಿದ್ದೆ. ಅಲ್ಲಿಂದಾಚೆಗೆ ಮೈಮೇಲೆ ಬರುವುದು, ಗಾಳಿ ಸೋಕುವುದು, ಸತ್ತವರು ಮಾತಾಡುವುದು ಯಾವುದನ್ನೂ ನಂಬಿದವನಲ್ಲ. ಆಮೇಲೆ ಸಿಕ್ಕ ಕೆಲಸವೂ ಹಾಗೆಯೇ ಇತ್ತು. ಮಸ್ಕತ್ತಿನ ಒಂದು ಪೈಪ್‌ಲೈನ್ ಗುತ್ತಿಗೆ ಕಂಪನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಯಾವ ನಕ್ಷೆ ಯಾರ ಸಹಿ ಹಾಕಿಸಿಕೊಂಡು ಯಾವ ದಿನ ಹೊರಟಿತು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳಬಲ್ಲವನು. ಸಹಿ ಇಲ್ಲದ್ದು ನನ್ನ ಪಾಲಿಗೆ ನಡೆದೇ ಇಲ್ಲ. ಅಂಥವನು ಈಗ ಸಹಿಯೂ ಇಲ್ಲದ, ಸಾಕ್ಷಿಯೂ ನೆಟ್ಟಗಿಲ್ಲದ ಒಂದು ಸಂಗತಿಯನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಎಣ್ಣೆಯ ಬೆಲೆ ನೆಲ ಕಚ್ಚಿದ ಕಾಲ ಅದು. ಅಲ್ ಹೈಲ್‌ನ ನಮ್ಮ ಕಟ್ಟಡದಲ್ಲಿ ತಿಂಗಳಿಗೊಂದು ಮನೆ ಖಾಲಿಯಾಗುತ್ತಿತ್ತು. ಲಿಫ್ಟಿನ ಪಕ್ಕ ಸೋಫಾ, ಫ್ರಿಜ್ಜು, ಮಕ್ಕಳ ಸೈಕಲ್ಲು ಮಾರಾಟಕ್ಕಿವೆ ಎಂಬ ಚೀಟಿಗಳು. ಆಫೀಸಿನಲ್ಲಿ ಎಚ್.ಆರ್.ನವರು ಯಾರ ಮೇಜಿನ ಹತ್ತಿರ ನಿಂತರೂ ಉಳಿದವರೆಲ್ಲ ಕಂಪ್ಯೂಟರಿನೊಳಗೆ ತಲೆ ಹುದುಗಿಸುತ್ತಿದ್ದರು. ಆ ಬೇಸಿಗೆಯಲ್ಲಿ ಅವರು ಚಿಸೆಂಗಾನ ಮೇಜಿನ ಹತ್ತಿರ ನಿಂತರು.

ಚಿಸೆಂಗಾ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಜಾಂಬಿಯಾ ದೇಶದವನು, ಅಲ್ಲಿನ ತಾಮ್ರದ ಗಣಿಗಳಲ್ಲಿ ಕೆಲಸ ಕಲಿತು ಬಂದವನು. ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಒಬ್ಬನೇ ಇದ್ದ. ಎರಡು ವರ್ಷ ಕಂಪನಿಯ ಮಿನಿಬಸ್ಸಿನಲ್ಲಿ ಅಕ್ಕಪಕ್ಕ ಕೂತು ಓಡಾಡಿದ್ದೇವೆ. ಅವನ ಜನಕ್ಕೆ ಲಾಲಾ ಎಂದು ಹೆಸರು, ಜಾಂಬಿಯಾದ ನಡುಭಾಗದ ಸೆರೆಂಜೆ ಕಡೆಯ ಕಾಡುಗಳಲ್ಲಿ ಅವರ ಊರುಗಳಿವೆ. ಕೆಳಗೆ ಬಕಾಲಾ, ಅಂದರೆ ನಮ್ಮ ಕಿರಾಣಿ ಅಂಗಡಿಯಂಥದ್ದು, ಇಟ್ಟುಕೊಂಡಿದ್ದ ಉಳ್ಳಾಲದ ಹಮೀದಾಕ ಇದನ್ನು ಕೇಳಿ ಅವನನ್ನು 'ಲಾಲಾ ಸೇಟ್' ಎಂದೇ ಕರೆಯತೊಡಗಿದರು. ಅವನಿಗೂ ಅದು ಇಷ್ಟವಾಗಿತ್ತು.

ನಮ್ಮಿಬ್ಬರನ್ನು ಹತ್ತಿರ ಮಾಡಿದ್ದು ರಾಗಿ. ಒಂದು ಶುಕ್ರವಾರ ಊಟಕ್ಕೆ ಕರೆದಿದ್ದೆ. ಅವನಿಗೆ ಚಪಾತಿ ಮಾಡಿದ್ದ ನನ್ನ ಹೆಂಡತಿ ಸುಮಿತ್ರಾ, ನನ್ನ ತಟ್ಟೆಗೆ ಮುದ್ದೆ ಹಾಕಿದಳು. ಅವನು ಅದನ್ನೇ ನೋಡುತ್ತ ಕೂತ. ಕೊನೆಗೆ ಕೇಳಿಯೇಬಿಟ್ಟ, "ಬ್ರದರ್, ಇದು ನಮ್ಮಮ್ಮನ ಅಡುಗೆ. ನಿಮ್ಮ ಮನೆಗೆ ಹೇಗೆ ಬಂತು?" ಅವರ ಕಡೆಯೂ ರಾಗಿಯೇ ಬೆಳೆ, ರಾಗಿ ಹಿಟ್ಟಿನ ಮುದ್ದೆಯೇ ಊಟ. ಮುರಿದು, ಹೆಬ್ಬೆರಳಿನಿಂದ ಕುಳಿ ಮಾಡಿ, ಸಾರಿಗೆ ಅದ್ದುವುದು ಕೂಡ ನಮ್ಮ ಹಾಗೆಯೇ. ಒಂದೇ ತಕರಾರೆಂದರೆ ಅವನು ಅಗಿಯುತ್ತಿದ್ದ. ಸುಮಿತ್ರಾ ಬಾಯಿಗೆ ಸೆರಗು ಹಿಡಿದು ನಕ್ಕು, "ಅಗೀಬಾರ್ದು ಅಂತ ಹೇಳ್ರೀ, ನುಂಗ್ಬೇಕು" ಎಂದಳು. ಆಮೇಲೆ ಪ್ರತಿ ಶುಕ್ರವಾರ ಅವನಿಗೂ ಒಂದು ಮುದ್ದೆ ಎಂದು ಲೆಕ್ಕವಾಯಿತು.

ಅವನಿಗೆ ನೋಟಿಸ್ ಬಂದು ಎರಡು ವಾರವಾಗಿತ್ತು. ವೀಸಾ ರದ್ದುಮಾಡಿಸಲು ಪಾಸ್‌ಪೋರ್ಟ್ ಹೋಗಿತ್ತು, ಅದು ವಾಪಸ್ ಬರುವವರೆಗೆ ದೇಶ ಬಿಡುವ ಹಾಗಿಲ್ಲ. ಅಂಥ ಹೊತ್ತಿನಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಬಂದು ಸುಮಿತ್ರಾಳ ಹತ್ತಿರ ಒಂದು ಹಿಡಿ ರಾಗಿಹಿಟ್ಟು ಕೇಳಿ ತೆಗೆದುಕೊಂಡು ಹೋದ. ನಾನು ಸ್ನಾನದಲ್ಲಿದ್ದೆ. ಹೊರಗೆ ಬಂದಾಗ ಅವಳು ಹೇಳಿದಳು, "ಅವ್ರ ಸೋದರಮಾವ ತೀರೋದ್ರಂತೆ ಕಣ್ರೀ. ಮುಖ ನೋಡಕ್ಕೆ ಆಗ್ತಿರ್ಲಿಲ್ಲ. ಮಧ್ಯಾಹ್ನ ಹೋಗಿ ಸ್ವಲ್ಪ ಹೊತ್ತು ಕೂತ್ಕೊಂಡು ಬನ್ನಿ."

ಮಧ್ಯಾಹ್ನ ಹೋದೆ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಬನಿಯನ್ನು ಮೈಗಂಟಿಕೊಂಡು ಗಂಟಲು ಒಣಗಿ ಹೋಗಿತ್ತು. ಬಾಗಿಲು ತೆರೆದೇ ಇತ್ತು. ಒಳಗಿನ ಕೋಣೆಯಲ್ಲಿ ಚಿಸೆಂಗಾ ಫೋನಿನಲ್ಲಿ ಮಾತಾಡುತ್ತಿರುವುದು ಕೇಳುತ್ತಿತ್ತು. ಬಾಗಿಲಿನ ಪಕ್ಕ ಒಂದು ಸಣ್ಣ ಸ್ಟೂಲು, ಅದರ ಮೇಲೆ ಸ್ಟೀಲ್ ಲೋಟ, ಲೋಟದಲ್ಲಿ ಮಬ್ಬು ಬಣ್ಣದ ನೀರು, ತಳದಲ್ಲಿ ರಾಗಿಹಿಟ್ಟು ಕೂತಿದೆ.

ಇಲ್ಲಿ ನನ್ನ ತಪ್ಪೇನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಬಿಸಿಲಿನಿಂದ ಬಂದವನ ಮುಂದೆ ಲೋಟದಲ್ಲಿ ರಾಗಿ ನೀರಿದ್ದರೆ ಅದು ಅಂಬಲಿ. ಅದನ್ನು ಬೇಡ ಎನ್ನುವುದು ಮರ್ಯಾದೆಯಲ್ಲ, ಕೇಳಿ ಕುಡಿಯುವುದು ನಾಚಿಕೆ. ಸುಮಿತ್ರಾ ಅವನಿಗೆ ಅಂಬಲಿ ಮಾಡುವುದನ್ನು ಕಲಿಸಿದ್ದಾಳೆ, ಬೇಯಿಸಲು ಮರೆತಿದ್ದಾನೆ, ಉಪ್ಪೂ ಹಾಕಿಲ್ಲ ಎಂದುಕೊಂಡು ಗಟಗಟನೆ ಕುಡಿದು ಲೋಟ ಕೆಳಗಿಟ್ಟೆ.

ಚಿಸೆಂಗಾ ಹೊರಗೆ ಬಂದ. ನನ್ನನ್ನು ನೋಡಿದ, ಲೋಟ ನೋಡಿದ. ಅವನ ಕೈಯಲ್ಲಿದ್ದ ಫೋನಿನಲ್ಲಿ ಒಬ್ಬ ಹೆಂಗಸು ಏನೋ ಕೇಳುತ್ತಲೇ ಇದ್ದಳು. ಅವನು ಗೋಡೆಗೆ ಒರಗಿ ನಿಧಾನಕ್ಕೆ ನೆಲದ ಮೇಲೆ ಕುಳಿತ. ಫೋನಿನಲ್ಲಿ ಎರಡೇ ಮಾತು ಹೇಳಿದ. ಆಮೇಲೆ ಆ ಹೆಂಗಸು ನಗತೊಡಗಿದಳು. ಸಾವಿನ ಮನೆಯ ಫೋನಿನಿಂದ ಅಂಥ ನಗು ನಾನು ಯಾವತ್ತೂ ಕೇಳಿರಲಿಲ್ಲ.

"ನನ್ನ ಚಿಕ್ಕಮ್ಮ," ಎಂದ ಚಿಸೆಂಗಾ. "ಸತ್ತವನ ತಂಗಿ. ತನ್ನ ಅಣ್ಣ ಬಾಯಾರಿಕೆಯಾದರೆ ಯಾರಿಗೂ ಕಾಯುತ್ತಿರಲಿಲ್ಲ ಅನ್ನುತ್ತಿದ್ದಾಳೆ."

ಆಮೇಲೆ ಅವನು ನನಗೆ ಬಿಡಿಸಿ ಹೇಳಿದ. ಅವರಲ್ಲಿ ಮನೆತನ ನಡೆಯುವುದು ತಾಯಿಯ ಕಡೆಯಿಂದ, ನಮ್ಮ ಕರಾವಳಿಯ ಅಳಿಯಸಂತಾನದ ಹಾಗೆ. ಒಬ್ಬ ಸತ್ತರೆ ಅವನ ಹೆಸರು ಅನಾಥವಾಗಿ ಅಲೆಯಬಾರದು. ಹೆಸರಿನ ಜೊತೆ ಅವನ ಮುಪಾಶಿಯೂ, ಎಂದರೆ ಅವನ ಜೀವಾತ್ಮವೂ ಇರುತ್ತದೆ. ಹಿರಿಯರು ಅವನ ಹೆಸರು ಹೇಳಿ ಇಟ್ಟ ನೀರನ್ನು ಸೋದರಳಿಯ ಕುಡಿದರೆ ಅದು ಅವನಲ್ಲಿ ನೆಲೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಮನೆಯವರೆಲ್ಲ ಅವನನ್ನು ಆ ಹಿರಿಯನೆಂದೇ ಕರೆಯುತ್ತಾರೆ. ಕುಡಿದವನು ಆರು ವರ್ಷದ ಹುಡುಗನಾದರೂ ಮುದುಕರು ಅವನಿಗೆ 'ಅಣ್ಣ' ಎನ್ನುತ್ತಾರೆ. ಇವನು ಊರಿಗೆ ಹೋಗಲಾರದ್ದರಿಂದ ಚಿಕ್ಕಮ್ಮ ಫೋನಿನಲ್ಲೇ ಮಾತು ಹೇಳಿ ನೀರಿಡಿಸಿದ್ದಳು. ಮಾವನ ಹೆಸರು ಕಲುಂಗಾ.

"ಬೆಳಿಗ್ಗೆಯಿಂದ ಇಟ್ಟಿದ್ದೀಯಲ್ಲ, ಯಾಕೆ ಕುಡಿಯಲಿಲ್ಲ?" ಎಂದೆ.

"ಹೆದರಿಕೆ," ಎಂದ. "ಅವನಿಗೆ ನನ್ನ ಮೇಲೆ ಸಿಟ್ಟಿತ್ತು."

ನಾನು ನೂರು ಸಲ ಕ್ಷಮೆ ಕೇಳಿದೆ. ಇನ್ನೊಂದು ಲೋಟ ನೀರಿಡು, ಹಿಟ್ಟು ತಂದುಕೊಡುತ್ತೇನೆ ಎಂದೆ. ಅವನು ಆಗದೆಂದು ತಲೆಯಾಡಿಸಿದ. ನೀರು ಒಂದೇ ಸಲವಂತೆ. ಹೊರಡುವಾಗ ಅವನು ನನ್ನನ್ನು ಬ್ರದರ್ ಎನ್ನಲಿಲ್ಲ. 'ಯಾಮಾ' ಎಂದ. ಸೋದರಮಾವನಿಗೆ ಅವರು ಹಾಗೆನ್ನುತ್ತಾರೆ. ನನಗೆ ನಗು ಬಂತು, ಸ್ವಲ್ಪ ಕಿರಿಕಿರಿಯೂ ಆಯಿತು. ಮನೆಗೆ ಬಂದು ಸುಮಿತ್ರಾಳಿಗೆ ಹೇಳಿದಾಗ ಅವಳು, "ನಿಮ್ಗೆ ಕಂಡಿದ್ದೆಲ್ಲ ಕುಡಿಯೋ ಚಾಳಿ ಬಿಡಲ್ಲ" ಎಂದು ಬೈದು ದೇವರಿಗೆ ದೀಪ ಹಚ್ಚಿದಳು. ನಾನು ಉಂಡು ಮಲಗಿದೆ, ಒಳ್ಳೆಯ ನಿದ್ದೆ ಬಂತು. ಕನಸು ಗಿನಸು ಏನೂ ಬೀಳಲಿಲ್ಲ.

ಈಗ ಹೇಳುವುದು ಮಾರನೆಯ ದಿನದ್ದು, ಶನಿವಾರ ಸಂಜೆ ಐದು ಗಂಟೆಯ ಹೊತ್ತಿನದ್ದು. ಬೆಳಕು ಚೆನ್ನಾಗಿತ್ತು. ನಾನು ಮಂಪರಿನಲ್ಲಿರಲಿಲ್ಲ, ಜ್ವರ ಇರಲಿಲ್ಲ, ನನ್ನ ಜನ್ಮದಲ್ಲಿ ಮದ್ಯ ಮುಟ್ಟಿದವನಲ್ಲ. ಕೊತ್ತಂಬರಿ ಸೊಪ್ಪು ಮತ್ತು ಹಾಲು ತರಲು ಕೆಳಗಿಳಿದೆ. ಕಟ್ಟಡದ ಹಿಂದೆ ಬಕಾಲಾದ ಪಕ್ಕದಲ್ಲಿ ಒಂದು ಬೇವಿನ ಮರವಿತ್ತು. ನಾಲ್ಕು ವರ್ಷದಿಂದ ದಿನಾ ಅದರ ಕೆಳಗೆ ನಡೆದಾಡಿದ್ದೇನೆ. ಅವತ್ತು ನಿಂತು ತಲೆಯೆತ್ತಿ ನೋಡಿದೆ. ನೋಡಿದ ತಕ್ಷಣ ಯಾವ ಕೊಂಬೆಯನ್ನು ಮೊದಲು ಕಡಿಯಬೇಕು, ಯಾವುದನ್ನು ಆಮೇಲೆ, ಎಲ್ಲಿ ಕಾಲಿಟ್ಟು ಎತ್ತ ಬಾಗಿದರೆ ಕೊಂಬೆ ಮೈಮೇಲೆ ಬೀಳುವುದಿಲ್ಲ, ಇಷ್ಟೂ ತಿಳಿಯಿತು. ಯಾರೋ ಕಿವಿಯಲ್ಲಿ ಹೇಳಲಿಲ್ಲ. ನಮ್ಮ ಮನೆಯ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ನನಗೆ ತಿಳಿದಿರುವ ಹಾಗೆ ತಿಳಿದಿತ್ತು.

ಚಪ್ಪಲಿ ಬಿಟ್ಟೆ, ಪಂಚೆ ಎತ್ತಿ ಕಟ್ಟಿದೆ, ಹತ್ತಿದೆ.

ನನ್ನ ಬಗ್ಗೆ ಒಂದು ವಿಷಯ ಹೇಳಬೇಕು. ಸ್ಟೂಲಿನ ಮೇಲೆ ನಿಂತು ಬಲ್ಬು ಬದಲಿಸಲು ಕೂಡ ನನಗಾಗುವುದಿಲ್ಲ. ಸೈಟಿನಲ್ಲಿ ಎಣ್ಣೆ ಟ್ಯಾಂಕಿನ ಏಣಿಯ ಎಂಟನೆಯ ಮೆಟ್ಟಿಲಿನಲ್ಲಿ ಕಣ್ಣು ಮುಚ್ಚಿ ಕೂತು, ಇಬ್ಬರು ಹಿಡಿದು ಇಳಿಸಿದ್ದು ಆಫೀಸಿಗೆಲ್ಲ ಗೊತ್ತು. ಅಂಥ ನಾನು, ನಲವತ್ತಾರು ವರ್ಷದ ಹೊಟ್ಟೆಯವನು, ಆ ಬೇವಿನ ಮರದ ತುದಿಯ ಕವಲಿನವರೆಗೆ ಹೋಗಿ ಎಡಗಾಲು ಕವಲಿಗೆ ಸಿಕ್ಕಿಸಿ ಎರಡೂ ಕೈ ಬಿಟ್ಟು ನಿಂತೆ. ಒಂದಿಷ್ಟೂ ಭಯವಾಗಲಿಲ್ಲ. ನಿಜ ಹೇಳುತ್ತೇನೆ, ಅಷ್ಟು ನೆಮ್ಮದಿ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ. ಸಮುದ್ರದ ಕಡೆಯಿಂದ ಗಾಳಿ ಬರುತ್ತಿತ್ತು. ಬಲಗೈ ಮಾತ್ರ ಖಾಲಿ ಖಾಲಿ ಅನಿಸುತ್ತಿತ್ತು, ಅದರಲ್ಲಿ ಏನೋ ಇರಬೇಕಿತ್ತು.

ಆಗ ಕೆಳಗೆ ಚಿಸೆಂಗಾ ಕಾಣಿಸಿದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು, ತಲೆ ತಗ್ಗಿಸಿಕೊಂಡು, ಮರ ದಾಟಿ ಹೋಗುತ್ತಿದ್ದ. ನಾನು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದೆ. ಒಂದು ಉದ್ದ, ಎರಡು ಗಿಡ್ಡ.

ಅವನ ಚೀಲ ಬಿತ್ತು. ಅವನು ತಿರುಗಲಿಲ್ಲ. ಬೆನ್ನು ಹಾಕಿಕೊಂಡೇ ನಿಂತ. ನಾನು ಮತ್ತೊಮ್ಮೆ ಹಾಕಿದೆ. ಆಗ ತಿರುಗಿದ, ಮರದ ಬುಡಕ್ಕೆ ಬಂದ, ಮೇಲೆ ನೋಡಿ ಅವರ ಭಾಷೆಯಲ್ಲಿ ಏನೋ ಕೂಗಿ ಬುಡವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅಳತೊಡಗಿದ. ಐವತ್ತರ ಹತ್ತಿರದ ಗಂಡಸು, ಅಷ್ಟು ಗಟ್ಟಿಯಾಗಿ ಅತ್ತ.

ಅಳು ಕೇಳಿ ಹಮೀದಾಕ ಅಂಗಡಿಯಿಂದ ಓಡಿ ಬಂದರು. "ಎಂತ ಮಾರಾಯ್ರೆ ಇದು! ಸಾರ್, ನೀವು ಅಲ್ಲಿ ಎಂತ ಮಾಡ್ತಾ ಇದ್ದೀರಿ? ಬಿದ್ರೆ ಖಲಾಸ್, ಗೊತ್ತುಂಟಾ?" ಎಂದು ಕೂಗಿದರು. ಅವರ ದನಿ ಕೇಳಿದ್ದೇ ತಡ, ನನಗೆ ನನ್ನ ಎಂದಿನ ಭಯ ವಾಪಸ್ ಬಂತು. ಕೆಳಗೆ ನೋಡಿದರೆ ನೆಲ ಎಲ್ಲೋ ಇದೆ. ಕೊಂಬೆಯನ್ನು ಅಪ್ಪಿ ಹಿಡಿದು ಕಣ್ಣು ಮುಚ್ಚಿದೆ. ಹಮೀದಾಕ ಪಕ್ಕದ ಕಟ್ಟಡದಿಂದ ಏಣಿ ತರಿಸಿ, ಒಂದೊಂದು ಕಾಲನ್ನೂ ತಾವೇ ಹಿಡಿದು ಮೆಟ್ಟಿಲಿಗಿಟ್ಟು ಇಳಿಸಿದರು. ಹತ್ತುವಾಗ ಮೊಣಕಾಲೆಲ್ಲ ತರಚಿತ್ತು.

ಅಂಗಡಿಯ ಹಿಂದೆ ಕೂತು ಚಿಸೆಂಗಾ ಉಳಿದದ್ದನ್ನು ಹೇಳಿದ. ಹಮೀದಾಕ ಚಹಾ ತಂದುಕೊಟ್ಟರು.

ಲಾಲಾ ಜನ ರಾಗಿ ಬೆಳೆಯುವುದೇ ಮರಗಳಿಂದ. ಬುಡ ಕಡಿಯುವುದಿಲ್ಲ. ಗಂಡಸರು ಕೊಡಲಿ ಹೆಗಲಿಗೇರಿಸಿ ಮರ ಹತ್ತಿ ಕೊಂಬೆಗಳನ್ನು ಮಾತ್ರ ಕಡಿದು ಬೀಳಿಸುತ್ತಾರೆ, ಒಣಗಿಸಿ ರಾಶಿ ಹಾಕಿ ಸುಟ್ಟು ಆ ಬೂದಿಯಲ್ಲಿ ಬಿತ್ತುತ್ತಾರೆ. ಕಲುಂಗಾ ಆ ಸುತ್ತಿನಲ್ಲೆಲ್ಲ ಹೆಸರಾದ ಮರ ಹತ್ತುವವನು. ತುದಿಯಲ್ಲಿ ಎರಡೂ ಕೈ ಬಿಟ್ಟು ನಿಲ್ಲುತ್ತಿದ್ದನಂತೆ. ಕೆಳಗಿದ್ದ ಅಳಿಯನನ್ನು ಕರೆಯಲು ಅವನಿಗೊಂದು ಶಿಳ್ಳೆ. ಹನ್ನೊಂದು ವರ್ಷದ ಹಿಂದೆ ಚಿಸೆಂಗಾ ದೇಶ ಬಿಟ್ಟು ಹೊರಟ ಬೆಳಿಗ್ಗೆ ಮಾವ ಮರದ ಮೇಲಿದ್ದ. ಅಳಿಯ ಹೋಗುವುದು ಅವನಿಗೆ ಇಷ್ಟವಿರಲಿಲ್ಲ. ಇಳಿದು ಬರುತ್ತೇನೆ, ನಿಂತಿರು, ನನ್ನ ಕೈಯಿಂದ ಅಪ್ಪಣೆ ಪಡೆದು ಹೋಗು ಎಂದ. ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆಯುತ್ತಿತ್ತು. ಚಿಸೆಂಗಾ ನಿಲ್ಲಲಿಲ್ಲ. ಬೆನ್ನ ಹಿಂದೆ ಶಿಳ್ಳೆ ಕೇಳಿಸಿತು, ಎರಡು ಸಲ. ತಿರುಗಲೂ ಇಲ್ಲ. ಆಮೇಲೆ ಹನ್ನೊಂದು ವರ್ಷ ಮಾವ ಅವನ ಫೋನಿಗೆ ಬರಲಿಲ್ಲ.

"ಇದನ್ನೆಲ್ಲ ನೀನು ನನಗೆ ಬಸ್ಸಿನಲ್ಲಿ ಯಾವಾಗಲಾದರೂ ಹೇಳಿದ್ದೀಯಾ? ನೆನಪು ಮಾಡಿಕೊಂಡು ಹೇಳು," ಎಂದು ಕೇಳಿದೆ. ನನಗೆ ಅವನು ಹೌದೆನ್ನಬೇಕಿತ್ತು.

"ನನ್ನ ಹೆಂಡತಿಗೂ ಹೇಳಿಲ್ಲ," ಎಂದ.

ಹೇಳಿದ್ದು ಅವನಿಗೆ ಮರೆತಿರಬಹುದು, ಕೇಳಿದ್ದು ನನಗೆ ಮರೆತಿರಬಹುದು. ಎರಡು ವರ್ಷ, ದಿನಕ್ಕೆರಡು ಸಲ ಅಕ್ಕಪಕ್ಕ ಕೂತವರು. ಒಂದು ದಿನ ಅವನು ಸುಮ್ಮನೆ ಆ ಶಿಳ್ಳೆ ಹಾಕಿರಬಹುದು. ಇದನ್ನು ನಾನೂ ಯೋಚಿಸಿದ್ದೇನೆ, ನೀವು ಹೇಳಿಕೊಡಬೇಕಾಗಿಲ್ಲ. ಆದರೆ ಅವತ್ತು ರಾತ್ರಿ ಮನೆಯಲ್ಲಿ ಎರಡು ಬೆರಳು ಬಾಯಿಗಿಟ್ಟು ಊದಿದರೆ ಬರೀ ಗಾಳಿ ಬಂತು, ಜೊತೆಗೆ ಎಂಜಲು. ನನಗೆ ಶಿಳ್ಳೆ ಹಾಕಲು ಬರುವುದಿಲ್ಲ. ಯಾವತ್ತೂ ಬರುತ್ತಿರಲಿಲ್ಲ. ಮೊದಲು ಸುಮಿತ್ರಾ ನಕ್ಕಳು. ನಾಲ್ಕನೆಯ ಸಲ ಊದುವಾಗ ನನ್ನ ಕೈ ಹಿಡಿದು, "ಸಾಕು ಬಿಡ್ರೀ, ಭಯ ಆಗ್ತದೆ" ಎಂದಳು.

ಅದಾದ ಮೇಲೆ ಹತ್ತು ದಿನ ಏನೂ ನಡೆಯಲಿಲ್ಲ. ಮರದ ಕೆಳಗೆ ಹೋಗಿ ನಿಂತು ನೋಡಿದೆ, ಬರೀ ಮರ. ಚಿಸೆಂಗಾ ನನ್ನನ್ನು ಯಾಮಾ ಎಂದೇ ಕರೆದ. ನಾನು ಬೇಡವೆನ್ನುವುದನ್ನು ಬಿಟ್ಟೆ. ಆದರೆ ಅವನು ನನ್ನ ಮುಖ ನೋಡುವಾಗೆಲ್ಲ ಏನನ್ನೋ ಕೇಳಬೇಕೆಂದು ಹೊರಟು ನಿಲ್ಲಿಸುತ್ತಿದ್ದ. ಏನೆಂದು ನನಗೆ ಗೊತ್ತಿತ್ತು. ಶಿಳ್ಳೆ ಕೇಳಿಸಿದ್ದಾಯಿತು, ಕರೆದದ್ದಾಯಿತು. ಕರೆದದ್ದು ಬೈಯಲೋ ಕ್ಷಮಿಸಲೋ ಎಂಬುದು ಅವನಿಗೆ ತಿಳಿದಿರಲಿಲ್ಲ. ನನಗಾದರೂ ಎಲ್ಲಿ ತಿಳಿದಿತ್ತು?

ಪಾಸ್‌ಪೋರ್ಟ್ ಬಂತು. ನಾನೂ ಸುಮಿತ್ರಾಳೂ ಅವನನ್ನು ಕಾರಿನಲ್ಲಿ ಏರ್‌ಪೋರ್ಟಿಗೆ ಬಿಡಲು ಹೋದೆವು. ಅವತ್ತು ಹೊರಡುವವರು ಬಹಳ ಜನ, ಎಲ್ಲರ ಗಾಡಿಯ ಮೇಲೂ ಹಗ್ಗ ಬಿಗಿದ ಪೆಟ್ಟಿಗೆಗಳು. ಬಾಗಿಲ ಹತ್ತಿರ ಚಿಸೆಂಗಾ ಟ್ರಾಲಿ ನಿಲ್ಲಿಸಿದ. ಅಷ್ಟು ಜನರ ನಡುವೆ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಎರಡೂ ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದ. ಅವರು ಹಿರಿಯರಿಗೆ ಮರ್ಯಾದೆ ತೋರಿಸುವುದು ಹಾಗೆ. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದ, "ಯಾಮಾ, ನಾನು ಹೋಗಲಾ?"

ನನಗೆ ಮುಜುಗರವಾಯಿತು. ಎಬ್ಬಿಸಿ ನಿಲ್ಲಿಸಿ, ಅಯ್ಯಾ, ನಾನು ರಾಮನಗರದವನು, ನಿನ್ನ ಮಾವನನ್ನು ಕಣ್ಣಲ್ಲಿ ಕಂಡವನಲ್ಲ, ಅವನ ಪರವಾಗಿ ಹೇಳಲು ನಾನು ಯಾರು ಎಂದು ಹೇಳಬೇಕೆಂದುಕೊಂಡೆ. ಆದರೆ ಅವನ ಮುಖ ನೋಡಿದ ಮೇಲೆ ಆಗಲಿಲ್ಲ. ಬಗ್ಗಿ ಅವನ ತಲೆಯ ಮೇಲೆ ಕೈಯಿಟ್ಟು, "ನನಗೇನೂ ಸಿಟ್ಟಿಲ್ಲ ಮಗನೆ, ಹೋಗಿ ಬಾ" ಎಂದೆ. ಇಂಗ್ಲಿಷಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಕನ್ನಡದಲ್ಲೇ ಹೇಳಿದೆ.

ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ತನ್ನ ಭಾಷೆಯಲ್ಲಿ ಏನೋ ಉತ್ತರ ಕೊಟ್ಟ. ಎದ್ದು ಟ್ರಾಲಿ ತಳ್ಳಿಕೊಂಡು ಒಳಗೆ ಹೋದ. ಎರಡು ವಾರದಲ್ಲಿ ಮೊದಲ ಸಲ ಅವನ ಹೆಗಲು ನೆಟ್ಟಗಿತ್ತು.

ವಾಪಸ್ ಬರುವಾಗ ಅಲ್ ಹೈಲ್ ಹತ್ತಿರ ಸುಮಿತ್ರಾ ಮೆಲ್ಲಗೆ, "ಅವ್ರಿಗೆ ಏನಂದ್ರಿ?" ಎಂದು ಕೇಳಿದಳು.

"ನೀನು ಪಕ್ಕದಲ್ಲೇ ಇದ್ದೆಯಲ್ಲ. ಸಿಟ್ಟಿಲ್ಲ, ಹೋಗಿ ಬಾ ಅಂದೆ."

ಅವಳು ಕಿಟಕಿಯ ಕಡೆ ತಿರುಗಿದಳು. "ನೀವು ಹೇಳಿದ್ದು ಕನ್ನಡ ಅಲ್ಲ ಕಣ್ರೀ. ನಂಗೆ ಒಂದು ಅಕ್ಷರಾನೂ ಅರ್ಥ ಆಗ್ಲಿಲ್ಲ," ಎಂದಳು.

ನನ್ನ ಹೆಂಡತಿ ಸುಳ್ಳು ಹೇಳುವವಳಲ್ಲ. ನಾನೂ ಅಲ್ಲ. ನಾನು ಹೇಳಿದ್ದು ಕನ್ನಡವೇ ಎಂದು ನನ್ನ ಕಿವಿಗೆ ಇವತ್ತಿಗೂ ಗೊತ್ತಿದೆ. ಇಷ್ಟು ವರ್ಷವಾಯಿತು, ನಮ್ಮಿಬ್ಬರಲ್ಲಿ ಯಾರೂ ಮಾತು ಬದಲಿಸಿಲ್ಲ. ಒಬ್ಬನನ್ನು ಮಾತ್ರ ಕೇಳಿ ತಿಳಿದುಕೊಳ್ಳಬಹುದು, ಅವನ ನಂಬರು ನನ್ನ ಫೋನಿನಲ್ಲೇ ಇದೆ. ಅವನು ಹಬ್ಬಕ್ಕೆ ಹುಣ್ಣಿಮೆಗೆ ಫೋನು ಮಾಡುತ್ತಾನೆ, ಚೆನ್ನಾಗಿದ್ದಾನೆ, ಮಾವನ ಹೊಲದಲ್ಲಿ ಬಿತ್ತಿದ್ದಾನೆ. ಅವತ್ತು ನಿನಗೆ ಏನು ಕೇಳಿಸಿತು ಎಂದು ನಾನು ಕೇಳಿಲ್ಲ. ಕನ್ನಡ ಕೇಳಿಸಿತು ಎಂದರೆ ಅವನಿಗೆ ಸಿಕ್ಕ ಅಪ್ಪಣೆ ಸುಳ್ಳಾಗುತ್ತದೆ, ತನ್ನ ಭಾಷೆ ಎಂದರೆ ನಾನು ಯಾರೆಂದು ನನಗೇ ತಿಳಿಯದ ಹಾಗಾಗುತ್ತದೆ.